ತವರವ್ವನ ಸವಾಲು

ಮೊನ್ನೆ ನಾನೂ ನನ್ನ ಹೆಂಡತಿಯೂ ಟಿ.ಬಿ. ಡ್ಯಾಮಿನ ಹತ್ತಿರ ಹೊಸಪೇಟೆ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಯಾವುದೋ ಮೆರವಣಿಗೆಗೆಂದು ಬಂದ ಮೇಳದವರು ರಸ್ತೆ ಪಕ್ಕದಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚಿ ದಪ್ಪು ಕಾಯಿಸುತ್ತಿದ್ದರು. ದಪ್ಪಿನ ಚರ್ಮ ತಂಪಿಗೆ ಸಡಿಲಾಗುತ್ತದೆ, ಬೆಂಕಿಗೆ ಹಿಡಿದರೆ ಬಿಗಿಯುತ್ತದೆ, ಆಮೇಲೆಯೇ ಅದಕ್ಕೆ ನಾದ. ಆ ಕಾದ ಚರ್ಮದ ವಾಸನೆ ಗಾಳಿಯಲ್ಲಿ ಬಂದು ಮೂಗಿಗೆ ಬಡಿಯಿತು. “ಯಾಕ್ರೀ, ಮಾರಿ ಹಿಂಗ್ಯಾಕ ಮಾಡೀರಿ?” ಎಂದಳು ಹೆಂಡತಿ. “ಹೊಗಿ” ಎಂದೆ. ಹೊಗೆಯಲ್ಲ, ಸಿಟ್ಟು. ನಲವತ್ತು ವರ್ಷದ ಹಳೆಯ ಸಿಟ್ಟು. ಅದು ಇನ್ನೂ ಆರಿಲ್ಲ ಎಂಬುದು ನನಗೂ ಆಗಲೇ ಗೊತ್ತಾದದ್ದು. ವಯಸ್ಸಾದ ಮೇಲೆ ಮನುಷ್ಯ ಎಲ್ಲರನ್ನೂ ಕ್ಷಮಿಸಿಬಿಡುತ್ತಾನೆ ಅನ್ನುತ್ತಾರೆ. ಹಾಗೆ ಅನ್ನುವವರಿಗೆ ಯಾರೂ ಸರಿಯಾಗಿ ಕೈಕೊಟ್ಟಿರಲಿಕ್ಕಿಲ್ಲ.

ಆಗ ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಡ್ಯಾಂ ಎಂಬುದು ಬರೀ ಬಾಯಿಮಾತಿನಲ್ಲಿತ್ತು. ಕಂಪ್ಲಿ, ಹೊಸಪೇಟೆ ಎಲ್ಲ ಮದ್ರಾಸಿನ ಸರ್ಕಾರಕ್ಕೆ ಸೇರಿದ್ದವು. ನಮ್ಮ ಸಂಡೂರಿಗೆ ಮಾತ್ರ ಬೇರೆ ರಾಜರು. ನಾನು ಬಳ್ಳಾರಿಯಲ್ಲಿ ಟ್ರೈನಿಂಗ್ ಮುಗಿಸಿದ್ದೆ. ಕಂಪ್ಲಿಯ ಶಾಲೆಯಲ್ಲಿ ಮೇಷ್ಟ್ರೊಬ್ಬರು ಕಾಯಿಲೆ ಬಿದ್ದು ರಜೆ ಹಾಕಿದ್ದರು. ಅವರ ಜಾಗಕ್ಕೆ ಒಂದು ವರ್ಷದ ಮಟ್ಟಿಗೆ ನನ್ನನ್ನು ಹಾಕಿದರು. ಗುಡ್ಡ ದಾಟಿ ಬಂದದ್ದಷ್ಟೇ, ಊರಿನವರ ಬಾಯಲ್ಲಿ ನಾನು ‘ಸಂಸ್ಥಾನದ ಮಾಸ್ತರ’ ಆದೆ. ಮಕ್ಕಳೂ ಹಾಗೇ ಅನ್ನುತ್ತಿದ್ದರು, ಮಕ್ಕಳ ಅಪ್ಪಂದಿರೂ ಹಾಗೇ ಅನ್ನುತ್ತಿದ್ದರು. ಬೇರೆ ದೇಶದಿಂದ ಬಂದವನ ಹಾಗೆ.

ಆ ಯುಗಾದಿ ಆದ ಸ್ವಲ್ಪ ದಿನಕ್ಕೇ ನನ್ನ ಅವ್ವ ತೀರಿಕೊಂಡಿದ್ದಳು. ಜ್ವರ ಬಂತು, ಹೋದಳು. ಅಷ್ಟೇ ಹೇಳುವುದಕ್ಕಿರುವುದು. ಅವಳು ಸತ್ತಾಗ ನನಗೆ ಅಳು ಬರಲಿಲ್ಲ. ಬಂದ ನೆಂಟರು ಅದನ್ನು ಗಮನಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ನನಗೆ ನೆನಪಿದೆ. ಮುಂಗಾರಿನ ಹೊತ್ತಿಗೆ ಕಂಪ್ಲಿಗೆ ಬಂದೆ. ಕೋಟೆಯ ಹತ್ತಿರ ಮಣ್ಣಿನ ಮಾಳಿಗೆಯ ಒಂದು ಕೋಣೆ. ಹೊರಗೆ ಮಳೆ ನಿಂತ ಮೇಲೂ ಒಳಗೆ ಮಳೆ ನಿಲ್ಲುತ್ತಿರಲಿಲ್ಲ. ಇದ್ದ ಪಾತ್ರೆಗಳನ್ನೆಲ್ಲ ಸೋರುವ ಕಡೆ ಇಟ್ಟು, ಅನ್ನ ಮಾಡಲು ಪಾತ್ರೆಯಿಲ್ಲದೆ ಎಷ್ಟೋ ಸಲ ಮಂಡಕ್ಕಿ ತಿಂದು ಮಲಗಿದ್ದೇನೆ. ಶಾಲೆ ಬಿಟ್ಟರೆ ಕೋಣೆ, ಕೋಣೆ ಬಿಟ್ಟರೆ ಹೊಳೆದಂಡೆ. ಮಾತಾಡಿಸುವವರೊಬ್ಬರೂ ಇರಲಿಲ್ಲ.

ಒಂದು ಸೋಮವಾರ ಸಂಜೆ ಜಿಟಿಜಿಟಿ ಮಳೆಯಲ್ಲಿ ಹನುಮಪ್ಪನ ಗುಡಿಯ ಕಡೆಯಿಂದ ದಪ್ಪಿನ ಸದ್ದು ಕೇಳಿಸಿತು. ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಹಾಗಾಗಿ ಒಕ್ಕಲಿಗರಿಗೂ ಬಿಡುವು. ಹೋಗಿ ನೋಡಿದರೆ ಗುಡಿಯ ಪೌಳಿಯಲ್ಲಿ ಒಬ್ಬ ಎತ್ತರದ ಮನುಷ್ಯ ನಿಂತು ಗೀಗೀ ಪದ ಹಾಡುತ್ತಿದ್ದ. ಒಂದು ಕೈಯಲ್ಲಿ ದಪ್ಪು, ಹಿಂದೆ ಇಬ್ಬರು ತುಂತುಣಿ, ತಾಳ ಹಿಡಿದು ‘ಗೀ ಗೀ’ ಎಂದು ಸೊಲ್ಲೆತ್ತುತ್ತಿದ್ದರು. ಹೆತ್ತವಳು ಯಾರು, ಹೊತ್ತವಳು ಯಾರು, ಹಸಿದಾಗ ಕರೆಯುವುದು ಯಾರ ಹೆಸರನ್ನು, ಹೇಳೋ ಗಂಡೇ ಎಂದು ಅವನು ಕೇಳುತ್ತ ಹೋದ. ದೊಡ್ಡ ವಿದ್ಯೆಯ ಮಾತೇನಲ್ಲ. ಆದರೆ ಆ ದನಿಯಲ್ಲಿ ಜಗಳವೂ ಇತ್ತು, ಅಕ್ಕರೆಯೂ ಇತ್ತು. ನಾನು ಮಳೆಯಲ್ಲೇ ನಿಂತುಬಿಟ್ಟೆ. ಅವ್ವ ಸತ್ತಾಗ ಬಾರದ ಅಳು ಆಗ ಬಂತು.

ಯಾರೋ ಪಕ್ಕಕ್ಕೆ ಬಂದು ನನ್ನ ತಲೆಯ ಮೇಲೆ ಕೊಡೆ ಹಿಡಿದರು. ನನ್ನ ವಯಸ್ಸಿನವನೇ. ಬಿಳಿ ಜುಬ್ಬ, ಹಣೆಯ ತುಂಬ ವಿಭೂತಿ, ದುಂಡು ಮುಖ.

“ಮಾಸ್ತರ, ಕೊಡಿ ಒಳಗ ಬರ್ರಿ. ಹಾಡೇನು ಓಡಿ ಹೋಗಂಗಿಲ್ಲ” ಎಂದ. ನನ್ನ ಕಣ್ಣು ನೋಡಿದ, ಆದರೆ ಯಾಕೆ ಅಂತ ಕೇಳಲಿಲ್ಲ. ಆ ಕೇಳದೇ ಇದ್ದದ್ದೇ ನನಗೆ ಹಿಡಿಸಿತು. “ನೀವು ಯಾವ ಪಾರ್ಟಿ? ಹರದೇಶಿಯೋ ನಾಗೇಶಿಯೋ?”

“ಹಂಗಂದ್ರೇನ್ರಿ?”

“ಅಯ್ಯ, ಅದೂ ಗೊತ್ತಿಲ್ದ ಮಳ್ಯಾಗ ನಿಂತೀರೇನು! ಹರದೇಶಿಯವ್ರು ಗಂಡು ದೊಡ್ಡಾಂವ ಅಂತ ಹಾಡ್ತಾರ. ನಾಗೇಶಿಯವ್ರು ಹೆಣ್ಣು ದೊಡ್ಡಾಕಿ, ಶಕ್ತಿ ದೊಡ್ಡಾಕಿ ಅಂತ ಹಾಡ್ತಾರ. ಅಲ್ಲಿ ಹಾಡಾಕತ್ತಾನಲ್ಲ, ನಮ್ಮ ಹುಲಿಗೆಪ್ಪ, ಅವಂದು ನಾಗೇಶಿ. ಹೊಸಪೇಟಿ ಮೇಳದ್ದು ಹರದೇಶಿ. ಇದು ನಮ್ಮ ಅಜ್ಜನ ಕಾಲದ ಜಗಳ, ಮುಗಿಯಂಗಿಲ್ಲ, ಮುಗೀಬಾರ್ದು ಸೈತ.”

“ಹಂಗಾದ್ರ ನಾನೂ ಹೆಣ್ಣಿನ ಪಾರ್ಟಿ” ಎಂದುಬಿಟ್ಟೆ. ಅವನು ನಕ್ಕ. ಹೆಸರು ಗುರುಬಸಪ್ಪ, ಊರಿನ ಅಕ್ಕಿ ಗಿರಣಿಯವರ ಕಿರಿಯ ಮಗ. ಆ ಸಂಜೆಯಿಂದ ಕಂಪ್ಲಿ ನನಗೆ ಊರಾಯಿತು.

ಆಮೇಲಿನ ತಿಂಗಳುಗಳನ್ನು ನೆನೆಸಿಕೊಂಡರೆ ಈಗಲೂ ಹಿತವೆನಿಸುತ್ತದೆ. ಹಿತವೆನಿಸುತ್ತದಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟೂ ಬರುತ್ತದೆ. ಹುಲಿಗೆಪ್ಪನ ಮೇಳ ಎಲ್ಲಿ ಹಾಡಿದರೂ ನಾವಿಬ್ಬರು ಮುಂದಿನ ಸಾಲಿನಲ್ಲಿ. ರಾಮಸಾಗರ, ಬುಕ್ಕಸಾಗರ, ಹೊಳೆಯಾಚೆ ನಿಜಾಮರ ಸೀಮೆಯ ಹಳ್ಳಿಗಳಿಗೂ ಹರಿಗೋಲು ಹತ್ತಿ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಗುರುಬಸಪ್ಪ ಕೇಳಿದ ಪದಗಳನ್ನೇ ಮತ್ತೆ ಹಾಡುವನು. ಅವನ ಗಂಟಲು ದೇವರಿಗೇ ಪ್ರೀತಿ, ಹರಿಗೋಲಿನ ಅಂಬಿಗ ಒಮ್ಮೆ “ಧಣಿ, ಮೀನು ಹೆದರ್ತಾವ, ಸುಮ್ನ ಕುಂದ್ರಿ” ಎಂದಿದ್ದ. ಯಾವ ಸಾಲು ಚೆನ್ನಾಗಿತ್ತು, ಯಾವ ಪ್ರಾಸ ತಪ್ಪಿತು ಎಂದು ನಾವು ಗಿರಣಿಯ ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದೆವು. ಅವನ ಮನೆಯಿಂದ ಮೆಣಸಿನಕಾಯಿ, ಮಂಡಕ್ಕಿ ಬರುತ್ತಿತ್ತು. ‘ನೀವು’ ಹೋಗಿ ‘ನೀನು’ ಬಂತು, ‘ನೀನು’ ಹೋಗಿ ‘ಲೇ’ ಬಂತು. ಆದರೂ ಅವನು ನನ್ನನ್ನು ಕರೆಯುತ್ತಿದ್ದದ್ದು ಕೊನೆಯವರೆಗೂ ಮಾಸ್ತರ ಎಂದೇ.

ಶಾಲೆಯಲ್ಲಿ ಇದು ಯಾರಿಗೂ ಹಿಡಿಸಲಿಲ್ಲ. ಓದಿದವನು ತ್ಯಾಗರಾಜರ ಕೀರ್ತನೆ ಕೇಳಬೇಕು, ನಾಟಕದ ಪದ್ಯ ಕೇಳಬೇಕು. ಹೊಲಗದ್ದೆಯವರ ದಪ್ಪಿನ ಹಿಂದೆ ಹೋಗುವುದೆಂದರೇನು? “ಗೀಗೀ ಮಾಸ್ತರ ಬಂದ್ರು” ಎಂದು ಜೊತೆಯವರೇ ಆಡಿಕೊಳ್ಳುವರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಪಾಠದ ಕೊನೆಗೆ ಹುಡುಗರಿಗೆ ಒಂದೊಂದು ಒಗಟು ಹೇಳಿಕೊಡುವ ರೂಢಿ ಮಾಡಿಕೊಂಡೆ. ಹುಲಿಗೆಪ್ಪನಿಗೆ ಪುರಾಣದ ಕಥೆಗಳನ್ನು ಓದಿ ಹೇಳತೊಡಗಿದೆ. ಅವನು ಕಣ್ಣು ಮುಚ್ಚಿ ಕೇಳಿ, ಮುಂದಿನ ಸೋಮವಾರ ಅದನ್ನೇ ಪದವಾಗಿ ಕಟ್ಟಿ ಹಾಡುತ್ತಿದ್ದ. ಗಿರಣಿಯವರ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದ ಮನುಷ್ಯ ಅವನು. ಕೆಸರಿನಿಂದ ಎದ್ದು ಬಂದು, ಕಾಲು ತೊಳೆದು, ದಪ್ಪು ಹಿಡಿದರೆ ಎದುರಿಗೆ ಯಾರಿದ್ದರೂ ಅವನಿಗಿಂತ ಚಿಕ್ಕವರಾಗಿ ಕಾಣುತ್ತಿದ್ದರು. ನನಗಂತೂ ಅವನ ಮೇಲೆ ದೇವರ ಮೇಲಿನಂಥ ಭಕ್ತಿ.

ದೀಪಾವಳಿ ಕಳೆದು ಕಬ್ಬಿನ ಗಾಣಗಳು ಶುರುವಾದವು. ಊರಿಗೆ ಊರೇ ಬೆಲ್ಲದ ವಾಸನೆ. ಒಂದು ಸಂಜೆ ಗುರುಬಸಪ್ಪನವರ ಗಾಣದ ಹತ್ತಿರ ಕೂತಿದ್ದೆವು. ಅವನು ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಗೆ ಸವರಿ ಕೊಟ್ಟ. “ಮಾಸ್ತರ, ನಿಮ್ಮವ್ವನ ಸುದ್ದಿ ನೀ ಎಂದೂ ಹೇಳಲಿಲ್ಲ” ಎಂದ. ಅಲ್ಲಿಯವರೆಗೆ ಯಾರೂ ನನ್ನನ್ನು ಅದರ ಬಗ್ಗೆ ಕೇಳಿರಲಿಲ್ಲ.

ಹೇಳಿದೆ. ನನ್ನ ಅವ್ವ ಮದುವೆಯಾಗಿ ಬರುವಾಗ ತವರಿನಿಂದ ಒಂದು ಕುಡಿಕೆಯಲ್ಲಿ ಮೊಸರಿನ ಹೆಪ್ಪು ತಂದಿದ್ದಳು. ಅದೇ ಹೆಪ್ಪು, ದಿನದಿನವೂ ಅದರಿಂದಲೇ ಮೊಸರು, ಆ ಮೊಸರಿನಿಂದಲೇ ಮರುದಿನದ ಹೆಪ್ಪು. ಯಾರ ಮನೆಯಿಂದಲೂ ಅವಳು ಹೆಪ್ಪು ಕೇಳಿ ತಂದವಳಲ್ಲ. ಆ ಕುಡಿಕೆಗೆ ಅವಳಿಟ್ಟ ಹೆಸರು ತವರವ್ವ. “ತವರವ್ವನ್ನ ಮುಚ್ಚಿಟ್ಟೀಯೇನಲೇ, ಬೆಕ್ಕು ಬಂದೀತು” ಅನ್ನುವಳು. ಹಿಟ್ಟು ಬೀಸುತ್ತ ನನಗೊಂದು ಒಗಟು ಹಾಕುವಳು, ಅದೂ ಅವಳೇ ಕಟ್ಟಿದ್ದು: ಸೌಟಿನಾಗ ಬರ್ತಾಳ, ಗಡಿಗಿ ತುಂಬ ಆಗ್ತಾಳ, ತಾಯಿ ಮಗಳಾಗ್ತಾಳ, ಮಗಳು ತಾಯಿ ಆಗ್ತಾಳ, ಅವರ ವಂಶದಾಗ ಗಂಡಿಲ್ಲ, ಮೊದಲ ತಾಯಿ ಯಾರೋ ಯಾರಿಗೂ ಗೊತ್ತಿಲ್ಲ. ಯಾರಲೇ ಆಕಿ? ಅವ್ವ ಸತ್ತ ಮೇಲೆ ಸೂತಕದ ದಿನಗಳಲ್ಲಿ ಮನೆಯಲ್ಲಿ ಯಾರೂ ಹಾಲು ಕಾಯಿಸಲಿಲ್ಲ. ಒಲೆ ಹಚ್ಚಿದ ದಿನ ನೋಡಿದರೆ ಕುಡಿಕೆಯಲ್ಲಿ ಬೂಸಲು ಬಂದಿತ್ತು. ಅಪ್ಪ ಅದನ್ನು ತಿಪ್ಪೆಗೆ ಚೆಲ್ಲಿ ಬಂದ. ಅವ್ವ ನಿಜವಾಗಿ ಹೋದದ್ದು ನನ್ನ ಲೆಕ್ಕಕ್ಕೆ ಆವತ್ತು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಗುರುಬಸಪ್ಪ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ಪುಟ್ಟ ಗಡಿಗೆ. “ನಮ್ಮವ್ವ ಕೊಟ್ಟಾಳ. ಹೆಪ್ಪು. ಇದಕ್ಕೂ ತವರವ್ವ ಅಂತ ಹೆಸರಿಡು ಮಾಸ್ತರ” ಎಂದ. ನಾನು ಅವನನ್ನು ಅಪ್ಪಿಕೊಂಡೆ. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಉಡುಗೊರೆಯನ್ನು ಯಾರೂ ಕೊಟ್ಟಿಲ್ಲ. ಇದನ್ನು ಈಗ ಬರೆಯುವಾಗಲೂ ಸುಳ್ಳು ಹೇಳಲಾರೆ.

ಆ ಒಗಟನ್ನು ಸವಾಲು ಮಾಡೋಣ ಎಂದವನೂ ಅವನೇ. ಪ್ರತಿ ಸಂಕ್ರಾಂತಿಗೆ ಎರಡೂ ಮೇಳಗಳು ಹಂಪಿಯಲ್ಲಿ ಕೂಡುತ್ತಿದ್ದವು. ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಜವಾಬಿಗೆ ಸಿಗುವ ಹೊತ್ತು ದಪ್ಪನ್ನು ಬೆಂಕಿಗೆ ಹಿಡಿದು ಒಮ್ಮೆ ಕಾಯಿಸುವಷ್ಟು ಮಾತ್ರ. ಕೊನೆಯ ಸವಾಲಿಗೆ ಜವಾಬು ಬರದಿದ್ದರೆ ಎದುರಿನವನು ಸೋತ, ಬಂದರೆ ಸವಾಲು ಹಾಕಿದವನೇ ಸೋತ. ಸೋತವನು ತನ್ನ ದಪ್ಪನ್ನು ಗೆದ್ದವನ ಕಾಲ ಮುಂದೆ ಬೋರಲು ಹಾಕಿ ಬರಬೇಕು, ಮುಂದಿನ ಸಂಕ್ರಾಂತಿಯವರೆಗೆ ಮುಟ್ಟುವಂತಿಲ್ಲ. ಹುಲಿಗೆಪ್ಪ ಎಂದೂ ಬೋರಲು ಹಾಕಿದವನಲ್ಲ. ಆದರೆ ಆ ವರ್ಷ ಅವನಿಗೆ ಒಳಗೇ ಅಳುಕಿತ್ತು. ಹೊಸಪೇಟೆಯ ಮೇಳಕ್ಕೆ ಗಟ್ಟಿ ಗಂಟಲಿನ ಹೊಸ ಹಾಡುಗಾರ ಬಂದಿದ್ದ. ಅಲ್ಲಿನ ಸಾಹುಕಾರರೊಬ್ಬರು ಮೇಳವನ್ನು ಸಾಕುತ್ತಿದ್ದರು.

“ನನಗ ವಯಸ್ಸಾತು ಮಾಸ್ತರ” ಎಂದಿದ್ದ ಹುಲಿಗೆಪ್ಪ. “ಒಂದು ವರ್ಷ ಬಾಯಿ ಮುಚ್ಚಿದ್ರ ಈ ಗಂಟ್ಲ ಮತ್ತ ತೆರೆಯಂಗಿಲ್ಲ.”

ಒಗಟು ಕೇಳಿ ಅವನು ತೊಡೆ ತಟ್ಟಿಕೊಂಡ. “ಅಬ್ಬಬ್ಬ! ಅವ್ರು ಪುರಾಣದಾಗ ಹುಡುಕ್ತಾರ. ರೇಣುಕಾ ಅಂತಾರ, ಪಾರ್ವತಿ ಅಂತಾರ. ಅಡಿಗಿ ಮನಿಗೆ ಅವ್ರ ತಲಿ ಹೋಗಂಗೇ ಇಲ್ಲ. ಜನ್ಮದಾಗ ಒಬ್ಬ ಹರದೇಶಿಯವ ಹೆಪ್ಪು ಹಾಕ್ಯಾನೇನು?” ಈಗ ಕಾಗದದ ಮೇಲೆ ನೋಡಿದರೆ ಸುಲಭದ ಒಗಟು ಅನ್ನಿಸಬಹುದು. ಸಾವಿರ ಜನರ ನಡುವೆ, ದಪ್ಪು ಕಾಯುವಷ್ಟೇ ಹೊತ್ತಿನಲ್ಲಿ, ಮೀಸೆ ತಿರುವಿಕೊಂಡು ನಿಂತ ಗಂಡಸರಿಗೆ ಮೊಸರು ಗಡಿಗೆ ಹೊಳೆಯುವುದಿಲ್ಲ. ಹುಲಿಗೆಪ್ಪ ಅದನ್ನು ಪದ ಮಾಡಿದ. ಅವ್ವನ ಮಾತಿಗೆ ಅವನು ಹಚ್ಚಿದ ಧಾಟಿ ಕೇಳಿ ನನ್ನ ಮೈಮೇಲೆ ಮುಳ್ಳೆದ್ದವು:

ಗಂಡಿನ ಹೆಸರಿಲ್ದ ವಂಶ ಒಂದೈತೊ
ತಾಯಿನ್ನ ಉಂಡು ಮಗಳು ಹುಟ್ಟತಾಳೊ
ನಾಳಿಗೆ ಆ ಮಗಳೇ ತಾಯಿ ಆಗತಾಳೊ
ಮೊದಲಿನ ತಾಯ್ಯಾರು ಹೇಳೊ ಹರದೇಶಿ

ಸವಾಲು ಹೊರಗೆ ಹೋಗಬಾರದೆಂದು ದಪ್ಪು ಮುಟ್ಟಿ ಆಣೆ ಮಾಡುವ ಪದ್ಧತಿ ಇತ್ತು. ಹಿಂದೆ ಸೊಲ್ಲು ಹೇಳುವ ಇಬ್ಬರಿಗೂ ಸಂಕ್ರಾಂತಿಯ ದಿನದವರೆಗೆ ತಿಳಿಸುವುದಿಲ್ಲ. ನಾವು ಮೂವರೇ ಆ ಚರ್ಮದ ಮೇಲೆ ಕೈಯಿಟ್ಟೆವು. ಹುಲಿಗೆಪ್ಪನ ದೊಡ್ಡ ಕೈ, ನನ್ನ ಸೀಮೆಸುಣ್ಣದ ಕೈ, ಗುರುಬಸಪ್ಪನ ಬೆಳ್ಳಿ ಉಂಗುರದ ಕೈ. ತವರವ್ವ ಎಂಬ ಹೆಸರನ್ನು ಮಾತ್ರ ನಾನು ಹಾಡಿಗೆ ಕೊಡಲಿಲ್ಲ. ಹುಲಿಗೆಪ್ಪನಿಗೂ ಹೇಳಲಿಲ್ಲ. ಜವಾಬು ‘ಹೆಪ್ಪು’ ಅಂದರೆ ಸಾಕಾಗಿತ್ತು. ಹೆಸರು ಅವ್ವನದು, ಮನೆಯದು. ಗುರುಬಸಪ್ಪನಿಗೆ ಗೊತ್ತಿದ್ದದ್ದು ಗೆಳೆಯನೆಂದು.

ಭತ್ತದ ಸುಗ್ಗಿಯಲ್ಲಿ ಗುರುಬಸಪ್ಪ ಕಾಣುವುದು ಕಡಿಮೆಯಾಯಿತು. ಗಿರಣಿಯಲ್ಲಿ ಕೆಲಸ ಜಾಸ್ತಿ ಎಂದುಕೊಂಡೆ. ಆಮೇಲೆ ಹೊಸಪೇಟೆಗೆ ಮೇಲಿಂದ ಮೇಲೆ ಹೋಗತೊಡಗಿದ. ಒಂದು ದಿನ ನಾಚಿಕೊಂಡು ಹೇಳಿದ, ಹೆಣ್ಣು ನೋಡಿದ್ದಾರೆ. ಯಾರ ಮನೆಯದು ಎಂದರೆ, ಹರದೇಶಿ ಮೇಳವನ್ನು ಸಾಕುತ್ತಿದ್ದ ಅದೇ ಸಾಹುಕಾರರ ಮಗಳು.

“ಹಂಗಾದ್ರ ಇನ್ನ ನೀನು ಗಂಡಿನ ಪಾರ್ಟಿ” ಎಂದು ಚೇಷ್ಟೆ ಮಾಡಿದೆ.

“ಏ ಹೋಗಲೇ! ಸತ್ರೂ ನಾಗೇಶಿ” ಎಂದು ನನ್ನ ಬೆನ್ನಿಗೊಂದು ಗುದ್ದಿದ. ಇಬ್ಬರೂ ನಕ್ಕೆವು. ನನ್ನ ನಗುವಿನಲ್ಲಿ ಏನೂ ಇರಲಿಲ್ಲ. ಅವನದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

ಸಂಕ್ರಾಂತಿಗೆ ಕಂಪ್ಲಿಯಿಂದ ಬಂಡಿಗಳು ಸಾಲುಗಟ್ಟಿ ಹಂಪಿಗೆ ಹೊರಟವು. ಹೊಳೆಯಲ್ಲಿ ಮಿಂದು, ಬಂಡೆಗಳ ಮೇಲೆ ಸೀರೆ ಒಣಹಾಕಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿ ಉಂಡೆವು. ಗುರುಬಸಪ್ಪ ನಮ್ಮ ಜೊತೆ ಉಣ್ಣಲಿಲ್ಲ. ಬೀಗರು ಕರೆದಿದ್ದಾರೆಂದು ಹೊಸಪೇಟೆಯವರ ಕಡೆ ಹೋದ. ಬಿಸಿಲು ಸ್ವಲ್ಪ ಇಳಿದ ಮೇಲೆ ಬಜಾರಿನ ಮಂಟಪದಲ್ಲಿ ಎರಡು ಮೇಳಗಳೂ ಎದುರುಬದುರಾಗಿ ನಿಂತವು. ಕಂಬಗಳ ನಡುವೆ, ಕಟ್ಟೆಯ ಮೇಲೆ, ಎಲ್ಲಿ ನೋಡಿದರೂ ಜನ. ಗುರುಬಸಪ್ಪ ಮುಂದಿನ ಸಾಲಿನಲ್ಲೇ ಇದ್ದ. ಆದರೆ ಆಚೆಯ ಮುಂದಿನ ಸಾಲಿನಲ್ಲಿ, ಸಾಹುಕಾರರ ಪಕ್ಕ, ಹೊಸ ಧೋತರ ಉಟ್ಟು. ನನ್ನನ್ನು ನೋಡಿ ಕೈಯೆತ್ತಿದ. ಹೊಸ ಅಳಿಯ, ಅಲ್ಲಿ ಕೂರದೆ ಇನ್ನೆಲ್ಲಿ ಕೂರಬೇಕು ಎಂದುಕೊಂಡು ನಾನೂ ಕೈಯೆತ್ತಿದೆ.

ಮೊದಲ ಸುತ್ತುಗಳು ಸಮಸಮವಾಗಿ ಹೋದವು. ಕೊನೆಗೆ ಹುಲಿಗೆಪ್ಪ ಮುಂದೆ ಬಂದು ಅವ್ವನ ಸವಾಲು ಹಾಕಿದ. ನಾನು ಅಲ್ಲಿಯವರೆಗೆ ಅವನು ಹಾಗೆ ಹಾಡಿದ್ದನ್ನು ಕೇಳಿರಲಿಲ್ಲ. ಹೆಂಗಸರು ಬುತ್ತಿ ಕಟ್ಟುವುದನ್ನು ಬಿಟ್ಟು ಕೇಳಿದರು. ಒಬ್ಬಾಕೆ ಬಾಯಿಗೆ ಸೆರಗು ಹಿಡಿದು ನಕ್ಕಳು, ಅವಳಿಗೆ ಹೊಳೆದಿತ್ತು. ಗಂಡಸರೆಲ್ಲ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು. ಗೆದ್ದೆವು ಎಂದು ನನ್ನ ಎದೆ ಹಿಗ್ಗಿತು. ಹುಲ್ಲಿಗೆ ಬೆಂಕಿ ಹಚ್ಚಿದರು. ಹೊಸಪೇಟೆಯ ಹಾಡುಗಾರ ದಪ್ಪು ಕಾಯಿಸಬೇಕು, ಆ ಹೊತ್ತಿನಲ್ಲಿ ಯೋಚಿಸಬೇಕು. ಅವನು ಬೆಂಕಿಯ ಹತ್ತಿರವೂ ಹೋಗಲಿಲ್ಲ. ದಪ್ಪನ್ನು ಹಾಗೇ ಎದೆಗೆ ಹಿಡಿದು ಎದ್ದು ನಿಂತ:

ಸೌಟಿನಾಗ ಬಂದಾಳೊ ಹೆಪ್ಪಿನ ಹೆಣ್ಣ
ಮುದ್ದಿಲೆ ಕರಿತಾರ ತವರವ್ವ ಅಂತ
ಎಮ್ಮಿ ಕಾಯ್ದವ ಗಂಡು, ಹಾಲ ಹಿಂಡ್ದವ ಗಂಡು
ಗಂಡಿಲ್ದ ನಿಂದೇನ ಐತೆ ತವರವ್ವಾ

ಜನ ಗೊಳ್ಳೆಂದು ನಕ್ಕರು. ಅವನು ಆ ಹೆಸರನ್ನು ಮತ್ತೆ ಮತ್ತೆ ಎಳೆದೆಳೆದು ಹಾಡಿದ, ಸೊಂಟ ಕುಲುಕಿಸಿ ಹಾಡಿದ, ಮೂಗು ಹಿಡಿದು ಹಾಡಿದ. ತವರವ್ವಾ, ತವರವ್ವಾ ಎಂದು ಜನವೂ ದನಿಗೂಡಿಸಿತು. ನನ್ನ ಅವ್ವ ಬೆಕ್ಕಿಗೆ ಹೆದರಿ ಮುಚ್ಚಿಡುತ್ತಿದ್ದ ಹೆಸರು. ಅದು ಈ ಭೂಮಿಯ ಮೇಲೆ ನನ್ನ ಮನೆಯವರನ್ನು ಬಿಟ್ಟರೆ ಒಬ್ಬನಿಗೇ ಗೊತ್ತಿತ್ತು. ನಾನು ಅವನ ಕಡೆ ನೋಡಿದೆ. ಅವನು ಸಾಹುಕಾರರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ನನ್ನ ಕಡೆ ತಿರುಗಲಿಲ್ಲ. ಮೂರು ಕೈಗಳಲ್ಲಿ ಒಂದು ಕೈ ಕೊಟ್ಟಿತ್ತು.

ಹುಲಿಗೆಪ್ಪ ದಪ್ಪು ಕೆಳಗಿಡುವ ಮೊದಲು ನಮ್ಮ ಕಡೆಯವರ ನಡುವೆ ಬಂದು ನಿಂತ. ಮುಖ ಬೆವೆತಿತ್ತು. ಗುರುಬಸಪ್ಪನೂ ಅಷ್ಟರಲ್ಲಿ ಈಚೆ ಬಂದಿದ್ದ, ಸಮಾಧಾನ ಹೇಳುವವನ ಹಾಗೆ.

“ಇದು ಹೆಂಗ ಹೊರಗ ಹೋತು?” ಎಂದ ಹುಲಿಗೆಪ್ಪ. “ಯಾರು ಹೇಳಿದ್ರು?”

ನಾನು ಬಾಯಿ ತೆರೆಯುವಷ್ಟರಲ್ಲಿ ಗುರುಬಸಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದ. ಎಷ್ಟು ಮೆತ್ತಗೆ ಹಾಕಿದ ಎಂದರೆ ಈಗಲೂ ಆ ಹೆಗಲು ಉರಿಯುತ್ತದೆ. “ಬಿಡು ಹುಲಿಗೆಪ್ಪ, ಬ್ಯಾಸರ ಮಾಡ್ಕೋಬ್ಯಾಡ. ನಮ್ಮ ಮಾಸ್ತರ ಸಾಲ್ಯಾಗ ಹುಡುಗ್ರಿಗೆ ದಿನಾ ಒಗಟ ಹೇಳಿಕೊಡ್ತಾನ. ಬಾಯಿ ಜಾರಿ ಬಂದಿರಬೇಕು. ಬೇರೆ ಸೀಮೆಯಾಂವ, ನಮ್ಮ ಆಣಿ-ಗೀಣಿ ಅವನಿಗೇನು ಗೊತ್ತು, ಪಾಪ.”

“ಸುಳ್ಳು!” ಎಂದೆ. “ಆ ಹೆಸರು ನಾನು ಇವನೊಬ್ಬನಿಗೇ ಹೇಳಿದ್ದು. ಇವನೇ ಹೇಳ್ಯಾನ.” ನನ್ನ ದನಿ ಒಡೆದು ಕೀರಲಾಗಿ ಹೋಯಿತು, ಸುಳ್ಳು ಹೇಳುವವನ ದನಿಯ ಹಾಗೆ. ಸುತ್ತ ನಿಂತವರು ನನ್ನನ್ನು ನೋಡಿದರು, ಗಿರಣಿಯವರ ಮಗನನ್ನು ನೋಡಿದರು. ಅವರ ಕಣ್ಣಲ್ಲೇ ತೀರ್ಪು ಬಂತು. “ಸಂಸ್ಥಾನದ ಮಾಸ್ತರ” ಎಂದ ಯಾರೋ ಹಿಂದಿನಿಂದ. ಹುಲಿಗೆಪ್ಪ ನಮ್ಮಿಬ್ಬರನ್ನೂ ಒಂದು ಸಲ ನೋಡಿದ. ಹೋಗಿ ದಪ್ಪನ್ನು ಹೊಸಪೇಟೆಯವನ ಮುಂದೆ ಬೋರಲು ಹಾಕಿ ಬಂದ. ಬರುವಾಗ ಅವನಿಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ನಾನು ಕೊನೆಯ ಬಂಡಿಯಲ್ಲಿ ಹುಲ್ಲಿನ ಹೊರೆಯ ಮೇಲೆ ಕೂತು ಕಂಪ್ಲಿಗೆ ಬಂದೆ. ದಾರಿಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ.

ಗುರುಬಸಪ್ಪ ಒಂದೇ ಸಲ ನನ್ನ ಕೋಣೆಗೆ ಬಂದ, ಲಗ್ನಕ್ಕೆ ಕರೆಯಲು. ಅಕ್ಷತೆ ತಂದಿದ್ದ. ಅಷ್ಟು ಧೈರ್ಯ ಅವನಿಗೆ ಎಲ್ಲಿಂದ ಬಂತೋ.

“ಇನ್ನೂ ಸಿಟ್ಟಿನ್ಯಾಗ ಅದಿಯೇನು? ಮಾವ ಕೇಳಿದ್ರು ಮಾಸ್ತರ. ನಿಮ್ಮ ಮೇಳದವ್ರು ಏನು ತರ್ತಾರ ಅಂತ ನಗನಗ್ತಾ ಕೇಳಿದ್ರು. ಇಲ್ಲ ಅನ್ನಾಕ ಆಗಲಿಲ್ಲ. ಒಂದು ಪದದ ಸಲುವಾಗಿ ಸಂಬಂಧ ಮುರಕೊಳ್ಳಲೇನು?”

“ಒಗಟು ಹೇಳಿದಿ, ಹೋಗ್ಲಿ. ಅವ್ವನ ಹೆಸರ್ಯಾಕ ಹೇಳಿದಿ?”

ಅವನು ನಿಜವಾಗಿಯೂ ಯೋಚಿಸಿದ. “ಅದು ಭಾಳ ಚಂದ ಐತಲ್ಲ” ಎಂದ. “ಹೇಳುವಾಗ ಬಂದುಬಿಡ್ತು. ಲೇ, ಇದೆಲ್ಲ ಆಟ. ಹೆಣ್ಣು ದೊಡ್ಡಾಕಿ, ಗಂಡು ದೊಡ್ಡಾಂವ ಅಂತ ಯಾರರ ಖರೇ ಖರೇ ಬಡದಾಡ್ತಾರೇನು?”

ಆಗ ನನಗೆ ತಿಳಿಯಿತು. ಇಷ್ಟು ದಿನ ನಾವಿಬ್ಬರೂ ಒಂದೇ ಕಂಬಳಿಯ ಮೇಲೆ ಕೂತು ಒಂದೇ ಪದ ಕೇಳಿದ್ದೆವು, ಆದರೆ ಅವನಿಗೆ ಅದು ಹೊತ್ತು ಕಳೆಯುವ ದಾರಿ, ನನಗೆ ಅದೇ ಮನೆ. ನಾನು ಬಡಿದಾಡಿದ್ದು ಖರೇ ಖರೇ. ಅವನನ್ನು ಹೊರಗೆ ಕಳಿಸಿ ಕದ ಹಾಕಿಕೊಂಡೆ. ಲಗ್ನಕ್ಕೆ ಹೋಗಲಿಲ್ಲ. ಶಾಲೆಯಿಂದ ಕೋಣೆ, ಕೋಣೆಯಿಂದ ಹೊಳೆದಂಡೆ, ಮತ್ತೆ ಶುರು. ಸೋಮವಾರ ಸಂಜೆ ಗುಡಿಯ ಕಡೆ ಸದ್ದಿರಲಿಲ್ಲ. ಹುಲಿಗೆಪ್ಪ ಎದುರಿಗೆ ಸಿಕ್ಕರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ನನ್ನ ಮೇಲೆ ಅವನಿಗೆ ಸಿಟ್ಟಿದೆ, ನ್ಯಾಯವೇ ಎಂದುಕೊಳ್ಳುತ್ತಿದ್ದೆ. ಅವನ ದೃಷ್ಟಿಯಲ್ಲಿ ಅವನ ಗಂಟಲು ಕಿತ್ತವನು ನಾನೇ ಅಲ್ಲವೇ?

ಬೇಸಿಗೆ ರಜೆಗೆ ನನ್ನ ಅವಧಿ ಮುಗಿಯಿತು. ಟ್ರಂಕು, ಹಾಸಿಗೆ ಕಟ್ಟಿಕೊಂಡು ಬೆಳಿಗ್ಗೆ ಬಂಡಿಗೆ ಕಾಯುತ್ತ ಕೂತಿದ್ದಾಗ ಹುಲಿಗೆಪ್ಪ ಬಂದ. ದೂರದಲ್ಲೇ ನಿಂತು, ಅತ್ತಿತ್ತ ನೋಡಿ, ಆಮೇಲೆ ಹತ್ತಿರ ಬಂದು ನೆಲದ ಮೇಲೆ ಕೂತ. ನಾನು ಎದ್ದು ಕೈ ಮುಗಿದೆ.

“ಹುಲಿಗೆಪ್ಪಣ್ಣ, ಹೋಗಾಕ ಮೊದಲು ಒಂದು ಮಾತು. ಅವ್ವನಾಣೆ, ನಾನು ಹೇಳಲಿಲ್ಲ.”

“ಗೊತ್ತೈತಿ ಮಾಸ್ತರ.”

“ಏನು?”

“ಅವತ್ತೇ ಗೊತ್ತಿತ್ತು. ನೀವು ಆ ಹೆಸರು ನನಗೂ ಹೇಳಿರಲಿಲ್ಲ. ನನಗ ಹೇಳದವ್ರು ಹುಡುಗ್ರಿಗೆ ಹೇಳ್ತೀರೇನು? ಸಣ್ಣ ಧಣೀನೇ ಹೇಳ್ಯಾನ ಅಂತ ಅವನ ಮಾರಿ ನೋಡಿದ ಕೂಡ್ಲೆ ತಿಳೀತು.” ಅವನು ನೆಲದ ಮೇಲೆ ಬೆರಳಿನಿಂದ ಗೀರತೊಡಗಿದ. “ಏನ್ ಮಾಡ್ಲಿ? ಅವ್ರ ಗದ್ದಿ ಮಾಡ್ತೀನಿ. ಅವನ ಹೆಸರು ಹೇಳಿದ್ರ ನಾಳಿಗೆ ಗದ್ದಿ ಇಲ್ಲ. ನೀವು ಇವತ್ತಿಲ್ಲ ನಾಳಿ ಹೋಗವ್ರು. ನಿಮ್ಮ ಮ್ಯಾಲೆ ಬಂದ್ರ ಬರ್ಲಿ ಅಂತ ಸುಮ್ಕಾದೆ.”

ಗುರುಬಸಪ್ಪ ಮಾಡಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಇದಕ್ಕೆ ಸಿಟ್ಟೂ ಬರಲಿಲ್ಲ. ಹೊಟ್ಟೆಪಾಡಿನ ಮಾತು, ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು, ಇದೆಲ್ಲ ನನಗೆ ಆಗಲೂ ತಿಳಿಯುತ್ತಿತ್ತು. ಆದರೆ ನಾನು ಗಿರಣಿಯವರ ಗದ್ದೆ ಮಾಡುವವನ ಹಿಂದೆ ಊರೂರು ತಿರುಗಿರಲಿಲ್ಲ. ತಾಯಿಯ ಪರವಾಗಿ ಯಾರಿಗೂ ಹೆದರದೆ ಜಗಳಕ್ಕೆ ನಿಲ್ಲುತ್ತಿದ್ದ ಆ ದನಿಯ ಹಿಂದೆ ತಿರುಗಿದ್ದೆ. ನನ್ನ ಪರವಾಗಿ ಆ ದನಿ ಒಂದು ಮಾತೂ ಆಡಿರಲಿಲ್ಲ.

ಬಂಡಿ ಬಂತು. ಹುಲಿಗೆಪ್ಪ ತಾನೇ ಟ್ರಂಕು ಎತ್ತಿ ಇಟ್ಟ. ಹೋಗುವವನ ಹಾಗೆ ಎರಡು ಹೆಜ್ಜೆ ಹೋಗಿ ತಿರುಗಿ ಬಂದ.

“ಮಾಸ್ತರ, ಒಂದು ಕೇಳ್ತೀನಿ, ಬೈಬ್ಯಾಡ್ರಿ. ಬರೋ ಸಂಕ್ರಾಂತಿಗೆ ದಪ್ಪು ತಿರುಗಿ ತಗೋಬೇಕು ನಾನು. ಗಂಟ್ಲ ಉಳೀತೈತೋ ಇಲ್ಲೋ, ಒಂದು ಸಲ ಎದ್ದು ನಿಂದರಬೇಕು. ನಿಮ್ಮವ್ವಂದು ಇನ್ನೊಂದು ಒಗಟ ಐತೇನು?”

ಇತ್ತು. ಮೊದಲನೆಯದಕ್ಕಿಂತ ಚೆಲುವಾದದ್ದು. ಅವ್ವ ಅದನ್ನು ಜ್ವರದಲ್ಲಿ ಮಲಗಿದ್ದಾಗ ನನಗೆ ಹಾಕಿದ್ದಳು. ಉತ್ತರ ನಾನೇ ಕಂಡುಹಿಡಿದು ಹೇಳಿದಾಗ ಕಣ್ಣರಳಿಸಿ ನಕ್ಕಿದ್ದಳು. ಹುಲಿಗೆಪ್ಪ ಬಂಡಿಯ ಗೂಟ ಹಿಡಿದು ನಿಂತಿದ್ದ. ಬೇಡುವ ಕಣ್ಣು. ಅದನ್ನು ಕೊಟ್ಟಿದ್ದರೆ ಅವನು ಗೆಲ್ಲುತ್ತಿದ್ದ, ಅದರಲ್ಲಿ ನನಗೆ ಅನುಮಾನವಿಲ್ಲ.

“ಇಲ್ಲ” ಎಂದೆ.

ಬಂಡಿ ಹೊರಟಿತು. ಆ ಒಗಟನ್ನು ನಾನು ಆಮೇಲೆ ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಿಲ್ಲ, ಮಕ್ಕಳಿಗೆ ಹೇಳಿಲ್ಲ. ನಿಮಗೂ ಹೇಳುವುದಿಲ್ಲ.